ಪ್ಯಾಸೆಂಜರ್‌ನ ಸೊಂಟ

ಬೆಳಿಗ್ಗೆ ಹಾಲು ತರಲು ಹೊರಟ ಹಾಲೇಶನ ಹಿಂದೆ ಪ್ಯಾಸೆಂಜರ್ ಹೊರಡಲಿಲ್ಲ. ಹೊರಟಿತು ಅನ್ನಿ, ಆದರೆ ಮುಂದಿನ ಎರಡು ಕಾಲು ಮಾತ್ರ ಹೊರಟವು. ಹಿಂದಿನ ಎರಡು ಮುಷ್ಕರ ಹೂಡಿದವರಂತೆ ಅಲ್ಲೇ ಮಲಗಿದ್ದವು.

ಪ್ಯಾಸೆಂಜರ್ ಅಂದರೆ ನಾಯಿ. ಗಿಡ್ಡ ಕಾಲು, ಮುಗಿಯದಷ್ಟು ಉದ್ದದ ಮೈ, ಹೋದಲ್ಲೆಲ್ಲ ರೈಲಿನಂತೆ ನಿಂತು ನಿಂತು ಹೋಗುವ ಬುದ್ಧಿ. ಅದಕ್ಕೇ ಹಾಲೇಶನ ಹೆಂಡತಿ ವೀಣಾ ಆ ಹೆಸರಿಟ್ಟಿದ್ದಳು. ವೀಣಾ ಹೋದ ವರ್ಷ ಡೆಂಗ್ಯೂ ಜ್ವರದಲ್ಲಿ ತೀರಿಕೊಂಡಳು. ಭದ್ರಾವತಿ ಓಲ್ಡ್ ಟೌನಿನ ಆ ಮನೆಯಲ್ಲಿ ಈಗ ಉಳಿದವರು ಹಾಲೇಶ ಮತ್ತು ಪ್ಯಾಸೆಂಜರ್, ಇಬ್ಬರೇ. ನಾಯಿ ಕಾಲು ಎಳೆಯುತ್ತಿರುವುದನ್ನು ಕಂಡವನು ಹಾಲಿನ ಪಾತ್ರೆಯನ್ನು ಅಲ್ಲೇ ಇಟ್ಟ. ಇದೂ ಹೋದರೆ ಮನೆಗೆ ಬರುವುದಾದರೂ ಯಾರಿಗೋಸ್ಕರ?

ಎದುರುಮನೆಯ ಶಿವಶಂಕರಪ್ಪ ಹಲ್ಲುಜ್ಜುತ್ತಲೇ ಬಂದರು.

"ಏನೋ ಹಾಲೇಶ, ಪ್ಯಾಸೆಂಜರ್ ಇವತ್ತು ಲೇಟಾ?"

"ಸೊಂಟ ಬಿದ್ದೋಗಿದೆ ಯಜಮಾನ್ರೇ."

"ಉಳುಕಿರುತ್ತೆ ಬಿಡು ಮಾರಾಯ. ಡಾಕ್ಟ್ರು ಗೀಕ್ಟ್ರು ಅಂತ ಓಡ್ಬೇಡ. ನಾನಿಲ್ವಾ?"

ಈ 'ನಾನಿಲ್ವಾ'ಗೆ ಅರ್ಥವಿತ್ತು. ಶಿವಶಂಕರಪ್ಪ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವರು. ಅಂಥವರು ಕಾಲು ತಾಗಿಸಿದರೆ ಹಿಡಿದ ಬೆನ್ನು ಬಿಡುತ್ತದೆಂದು ಬೀದಿಗೆ ಬೀದಿಯೇ ನಂಬಿತ್ತು. ಬೆನ್ನು ನೋವೆಂದು ಬಂದವರು ಅವರ ಜಗುಲಿಯಲ್ಲಿ ಬೋರಲು ಮಲಗಿ ತುಳಿಸಿಕೊಂಡು ಹೋಗುತ್ತಿದ್ದರು. ಆದರೆ ಅವರೆಲ್ಲ ಮನುಷ್ಯರು, ಶಿವಶಂಕರಪ್ಪನವರದು ಜೋಳದ ಮೂಟೆಯಂಥ ಮೈ. ಹಾಲೇಶ ನಾಯಿಯನ್ನು ಟವೆಲಿನಲ್ಲಿ ಸುತ್ತಿ, ಹಿಂದಿನ ಮನೆಯ ಸತೀಶನ ಬಾಡಿಗೆ ಕಾರಿನಲ್ಲಿ ಶಿವಮೊಗ್ಗಕ್ಕೆ ಓಡಿದ.

ಡಾಕ್ಟರು ಬೆನ್ನು ಒತ್ತಿದರು, ಹಿಂಗಾಲಿನ ಬೆರಳು ಚಿವುಟಿದರು. ಪ್ಯಾಸೆಂಜರ್ ತಿರುಗಿ ಗುರ್ ಅಂದಿತು.

"ನೋವು ಗೊತ್ತಾಗ್ತಿದೆ, ಅದೇ ಪುಣ್ಯ. ಬೆನ್ನುಮೂಳೆ ಮಧ್ಯೆ ದಿಂಬಿನ ತರ ಡಿಸ್ಕ್ ಇರುತ್ತೆ. ಅದು ಜಾರಿ ನರ ಒತ್ತಿದೆ. ಈ ಜಾತಿಗೆ ಹುಟ್ಟಿನಿಂದ್ಲೇ ಬೆನ್ನು ವೀಕು. ಮಿಕ್ಕಿದ್ದು ನಾವು ಮಾಡೋದು. ಮನೇಲಿ ನೆಲ ಎಂಥದ್ದು?"

ಹಾಲೇಶ ಶಿವಮೊಗ್ಗದಲ್ಲೇ ಗಾಂಧಿ ಬಜಾರಿನ ಹತ್ತಿರ ಟೈಲ್ಸ್ ಅಂಗಡಿಯಲ್ಲಿ ಸೇಲ್ಸ್‌ಮನ್. ಬಾಯಿ ತಾನಾಗಿ ತೆರೆಯಿತು. "ಫಸ್ಟ್ ಕ್ಲಾಸ್ ವಿಟ್ರಿಫೈಡ್ ಸಾರ್, ಮುಖ ನೋಡ್ಕೊಂಡು ತಲೆ ಬಾಚ್ಬಹುದು!"

"ಅದ್ರ ಮೇಲೆ ನಾಯಿ ದಿನಾ ಜಾರ್ತಾ ಇತ್ತು. ತೂಕಾನೂ ಜಾಸ್ತಿ ಇದೆ. ಏನು ಹಾಕ್ತೀರಿ?"

"ನಾನು ಅನ್ನ ಅಷ್ಟೇ ಸಾರ್. ಎದುರುಮನೆ ಕಲ್ಲಮ್ಮಕ್ಕ ರೊಟ್ಟಿ, ಬಿಸ್ಕತ್ತು, ಹೋಳಿಗೆ..."

"ಎತ್ತರದಿಂದ ಹಾರುತ್ತಾ?"

ಹಾಲೇಶನ ಮುಖ ಅರಳಿತು. "ಅದೊಂದು ಕತೆ ಡಾಕ್ಟ್ರೇ! ಸಾಯಂಕಾಲ ಕಿಟಕಿ ಪಕ್ಕದ ಮಂಚದ ಮೇಲೆ ಕೂತು ನನ್ನೇ ಕಾಯುತ್ತೆ. ಸ್ಕೂಟರ್ ಸದ್ದು ಕೇಳಿದ್ರೆ ಸಾಕು, ಮಂಚದಿಂದ ದಬಕ್ ಅಂತ ಹಾರಿ ಬಾಗಿಲಿಗೆ ಓಡಿಬರುತ್ತೆ. ನನ್ನ ಕಂಡ್ರೆ ಅಷ್ಟು ಪ್ರಾಣ."

"ಆ ಹಾರೋದೇ ಅದರ ಪ್ರಾಣ ತೆಗೀತಿರೋದು. ಇಂಜೆಕ್ಷನ್ ಕೊಟ್ಟಿದ್ದೀನಿ. ಅಲ್ಲಾಡದೆ ಮಲಗಿದ್ರೆ ನಡೆದೀತು. ಇನ್ನೊಂದು ಸಲ ಹಾರಿದ್ರೆ ಕಾಲು ಹೋದಂಗೇ."

ಮನೆಗೆ ಬಂದ ಹಾಲೇಶ ತಾನೇ ಹಾಕಿಸಿದ ನೆಲವನ್ನು ಮುಚ್ಚತೊಡಗಿದ. ಜಮಖಾನ, ಗೋಣಿಚೀಲ, ಹಳೆಯ ಕಂಬಳಿ, ಒಂದು ಕಡೆ ಸಾಲದೆ ತನ್ನದೇ ಪ್ಯಾಂಟು. ಊರಿಗೆಲ್ಲ ಹೊಳಪು ಮಾರಿದವನ ಮನೆ ಅರ್ಧ ಗಂಟೆಯಲ್ಲಿ ಗುಜರಿ ಅಂಗಡಿಯಾಯಿತು. ಮೂಲೆಯ ಕಂಬಳಿಯ ಮೇಲೆ ಪ್ಯಾಸೆಂಜರ್‌ನನ್ನು ಮಲಗಿಸಿ ಪಾತ್ರೆಯಲ್ಲಿ ನೀರು ತರಲು ಒಳಗೆ ಹೋದ. ಅಷ್ಟೇ ಸಾಕಾಯಿತು ನೋಡಿ.

"ಅಯ್ಯಯ್ಯೋ ಸತ್ತೆ!"

ಓಡಿಬಂದರೆ, ಶಿವಶಂಕರಪ್ಪ ಒಂಟಿಕಾಲಲ್ಲಿ ಕುಣಿಯುತ್ತಿದ್ದಾರೆ. ಅವರ ಎಡಗಾಲಿನ ಹೆಬ್ಬೆರಳು ಪ್ಯಾಸೆಂಜರ್‌ನ ಬಾಯಲ್ಲಿದೆ.

"ಬರೀ ಹೆಬ್ಬೆಟ್ಟು ತಾಗಿಸ್ದೆ ಕಣೋ! ಭಾರ ಬಿಡ್ಲಿಲ್ಲ, ದೇವರಾಣೆ!"

ಅವರ ಹೆಂಡತಿ ಕಲ್ಲಮ್ಮ ಹಣೆ ಚಚ್ಚಿಕೊಂಡರು. "ಬ್ಯಾಡ ಬ್ಯಾಡ ಅಂದೆ. ಕೇಳಿದ್ರೆ ತಾನೆ!"

"ಹೆದರ್ಬೇಡಿ ಯಜಮಾನ್ರೇ, ನಾಯಿಗೆ ಇಂಜೆಕ್ಷನ್ ಹಾಕ್ಸಿದ್ದೀನಿ," ಎಂದ ಹಾಲೇಶ.

"ನಾಯಿಗೆ ಹಾಕ್ಸಿದ್ರೆ ನನಗೇನೋ ಬಂತು? ನಡಿ ಆಸ್ಪತ್ರೆಗೆ. ನಿನ್ನ ನಾಯಿ, ನೀನೇ ಕರ್ಕೊಂಡು ಹೋಗು!"

ಸತೀಶ ಬಾಡಿಗೆಗೆ ಹೋಗಿದ್ದ. ಹಾಲೇಶ ಸ್ಕೂಟರ್ ತೆಗೆದ. ಅದು ವೀಣಾಳದು. ಅವಳು ಹೋದ ಮೇಲೆ ತನ್ನ ಬೈಕು ಮಾರಿ ಅದನ್ನೇ ಇಟ್ಟುಕೊಂಡಿದ್ದ, ಮುಖ ಪೂರ್ತಿ ಮುಚ್ಚುವ ಅವಳ ಕೆಂಪು ಹೆಲ್ಮೆಟ್ಟನ್ನೂ. ತಲೆಗೆ ಬಿಗಿಯಾದರೂ ಅದನ್ನೇ ಹಾಕಿಕೊಳ್ಳುತ್ತಿದ್ದ. ಹೊರಡುವಾಗ ಕಲ್ಲಮ್ಮನಿಗೆ ಕೈಮುಗಿದ. "ಅಕ್ಕ, ಇದು ಅಲ್ಲಾಡ್ದಂಗೆ ನೋಡ್ಕೊಳಿ. ಹೋಳಿಗೆ ಮಾತ್ರ ಹಾಕ್ಬೇಡಿ."

ಆಸ್ಪತ್ರೆಯ ಸಾಲು ಉದ್ದಕ್ಕಿತ್ತು. ಕಚ್ಚಿದ ನಾಯಿ ಬೀದಿಯದೋ ಸಾಕಿದ್ದೋ ಎಂದು ನರ್ಸ್ ಕೇಳಿದರು. "ಸಾಕಿದ್ದು, ಈ ಮಹಾನುಭಾವಂದೇ," ಎಂದು ಶಿವಶಂಕರಪ್ಪ ಸಾಲಿಗೆಲ್ಲ ಹಾಲೇಶನನ್ನು ಬೆರಳು ಮಾಡಿ ತೋರಿಸಿದರು. ಇಬ್ಬರೂ ವಾಪಸು ಹೊರಟಾಗ ಬೀದಿದೀಪ ಹತ್ತಿದ್ದವು.

ಸ್ಕೂಟರ್ ಓಣಿಗೆ ತಿರುಗಿತು. ಬಾಗಿಲ ಮುಂದೆ ನಿಲ್ಲುವಷ್ಟರಲ್ಲಿ ಒಳಗಿಂದ 'ದಬಕ್' ಎಂಬ ಸದ್ದು ಬಂತು. ಅದರ ಹಿಂದೆಯೇ ಕಲ್ಲಮ್ಮನ ಚೀರು.

"ನೋವಿಗೆ ನಡುಗ್ತಾ ಇತ್ತಪ್ಪಾ, ನೆಲ ಗಟ್ಟಿ ಆಯ್ತೇನೋ ಅಂತ ಮಂಚದ ಮೇಲೆ ಮಲಗಿಸ್ದೆ. ಸ್ಕೂಟರ್ ಸದ್ದು ಕೇಳ್ತು, ಮುಂಗಾಲಲ್ಲೇ ಎಳ್ಕೊಂಡು ಬಿತ್ತು. ನನ್ನ ಕೈಗೇ ಸಿಗ್ಲಿಲ್ಲ ಕಣಪ್ಪ!"

ಹಾಲೇಶ ಹೆಲ್ಮೆಟ್ಟಿನಲ್ಲೇ ಒಳಗೆ ನುಗ್ಗಿದ. ಪ್ಯಾಸೆಂಜರ್ ಜಮಖಾನದ ಮೇಲೆ ಮೈ ಎಳೆದುಕೊಂಡು ಅವನ ಕಡೆಗೇ ಬರುತ್ತಿತ್ತು. ಕಣ್ಣು ಹೊಳೆಯುತ್ತಿತ್ತು. ಅವನು ಕುಕ್ಕರಗಾಲಲ್ಲಿ ಕೂತು ಹಿಂಗಾಲಿನ ಬೆರಳು ಚಿವುಟಿದ. ನಾಯಿ ತಿರುಗಲಿಲ್ಲ. ಇನ್ನೂ ಗಟ್ಟಿಯಾಗಿ ಚಿವುಟಿದ. ಅದಕ್ಕೆ ಗೊತ್ತೇ ಆಗಲಿಲ್ಲ, ಹೆಲ್ಮೆಟ್ಟನ್ನು ನೋಡುತ್ತಾ ಕುಂಯ್‌ಗುಟ್ಟಿತು.

"ಎಲ್ಲಾ ನನ್ನಿಂದ್ಲೇ ಅಕ್ಕ," ಎಂದ ಹಾಲೇಶ. "ನನ್ನ ಮೇಲೆ ಇಷ್ಟು ಪ್ರೀತಿ ಇಡ್ಬಾರ್ದಿತ್ತು ಇದು."

ಕಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ನಿನ್ನ ಮೇಲಲ್ಲ ಕಣಪ್ಪ. ನಾನು ದಿನಾ ನೋಡ್ತೀನಲ್ಲ ಎದುರಿಂದ. ವೀಣಾ ಸ್ಕೂಟರ್ ಸದ್ದಿಗೆ ಹಾರುತ್ತೆ. ನೀನು ಆ ಹೆಲ್ಮೆಟ್ ತೆಗೆಯೋ ತನಕ ಕುಣಿಯುತ್ತೆ. ತೆಗೆದ್ಯೋ, ಬಾಲ ಇಳಿಸ್ಕೊಂಡು ಒಳಗೆ ಹೋಗ್ಬಿಡುತ್ತೆ. ನೀನು ಸ್ಟ್ಯಾಂಡ್ ಹಾಕೋ ಗಡಿಬಿಡೀಲಿ ನೋಡೇ ಇಲ್ಲ."

ಹಾಲೇಶನ ಕೈ ಆಗಲೇ ಗದ್ದದ ಕೆಳಗಿನ ಪಟ್ಟಿಯ ಮೇಲಿತ್ತು. ಅಲ್ಲೇ ನಿಂತಿತು. ವರ್ಷವಿಡೀ ದಿನಾ ಸಂಜೆ ಇದಕ್ಕೆ ಅವಳನ್ನು ತಂದು ತೋರಿಸಿ, ಮತ್ತೆ ಕಿತ್ತುಕೊಂಡಿದ್ದೆನಲ್ಲ ಎಂದು ಅವನಿಗೆ ಹೊಳೆಯಿತು. ಮೆಲ್ಲಗೆ ಕೈ ಇಳಿಸಿದ.

ಸತೀಶನ ಕಾರು ಮತ್ತೆ ಶಿವಮೊಗ್ಗದ ದಾರಿ ಹಿಡಿಯಿತು. ಹಿಂದಿನ ಸೀಟಿನಲ್ಲಿ ಕೆಂಪು ಹೆಲ್ಮೆಟ್ ಹಾಕಿಕೊಂಡ ಹಾಲೇಶ, ಅವನ ತೊಡೆಯ ಮೇಲೆ ಪ್ಯಾಸೆಂಜರ್. "ನನ್ನ ಡ್ರೈವಿಂಗ್ ಮೇಲೆ ಅಷ್ಟೂ ನಂಬಿಕೆ ಇಲ್ವಾ ಹಾಲೇಶಣ್ಣ?" ಎಂದು ಸತೀಶ ಕೇಳಿದ. ದನಿಯಿಂದ ನಾಯಿಗೆ ಗುರುತು ಸಿಕ್ಕೀತೆಂದು ಹಾಲೇಶ ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ.

ಡಾಕ್ಟರು ಆಗಷ್ಟೇ ಬಾಗಿಲು ಹಾಕುತ್ತಿದ್ದರು. ನಾಯಿಯ ಕಾಲು ಚಿವುಟಿ ನೋಡಿ ಇಲ್ಲವೆಂಬಂತೆ ತಲೆ ಅಲ್ಲಾಡಿಸಿದರು. ಆಮೇಲೆ ಹಾಲೇಶನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಇಷ್ಟು ಸೆಖೇಲಿ, ಒಳಗೂ ಹೆಲ್ಮೆಟ್ ಯಾಕ್ರೀ?"

ಪ್ಯಾಸೆಂಜರ್ ಅವನನ್ನೇ ನೋಡುತ್ತಿತ್ತು. ಒಳಗಿನಿಂದ ಒದ್ದೆಯಾದ ಹೆಲ್ಮೆಟ್ಟಿನ ಗಾಜಿನ ಮೇಲೆ, ಬಾಯಿ ಇರುವ ಜಾಗಕ್ಕೆ ಬೆರಳಿಟ್ಟು ಹಾಲೇಶ ಡಾಕ್ಟರಿಗೆ ಸುಮ್ಮನಿರುವಂತೆ ಸನ್ನೆ ಮಾಡಿದ.