ಗಾಬರಿಯಾಗದೆ ಇರುವ ಪಾಠ

ಧೈರ್ಯಕ್ಕೆಂದು ಕುಡಿದ ಮೂರು ಲೋಟ ಕಾಫಿಯೇ ಭೌತಶಾಸ್ತ್ರದ ಮೇಷ್ಟ್ರ ಮಾನಕ್ಕೆ ಮುಳುವಾಯಿತು.

ವಿಜ್ಞಾನ, ತಂತ್ರಜ್ಞಾನ ಓದುವ ಕೊನೆಯ ವರ್ಷದ ಮಕ್ಕಳು ನಾಳೆ ಕೆಲಸಕ್ಕೆ ಸೇರಿದ ಮೇಲೆ ಕಣ್ಣು ಕಣ್ಣು ಬಿಡಬಾರದೆಂದು ಪ್ರಿನ್ಸಿಪಾಲರು ಹೊಸ ತರಗತಿಗಳನ್ನು ಹೂಡಿದ್ದರು. ಮೇಷ್ಟ್ರ ಪಾಲಿಗೆ ಬಂದದ್ದು ‘ಸಂಕಟದಲ್ಲಿ ಸಮಾಧಾನ’. ಅವರೋ ಜಿರಲೆ ಕಂಡರೆ ಮೇಜು ಹತ್ತುವವರು. ಆದರೆ “ಇದೊಂದು ಚೆನ್ನಾಗಿ ಮಾಡಿ, ನಿಮ್ಮ ಕೆಲಸ ಕಾಯಂ ಮಾಡೋ ಮಾತಾಡೋಣ” ಎಂದಿದ್ದರು ಪ್ರಿನ್ಸಿಪಾಲರು.

ಪ್ರಯೋಗಾಲಯದಲ್ಲಿ ಪಾಠ ಶುರುವಾಯಿತು.

“ಆಫೀಸಲ್ಲಿ ಏನೋ ಎಡವಟ್ಟಾಯ್ತು ಅಂತಿಟ್ಕೊಳ್ಳಿ. ಮೊದಲು ನಿಧಾನವಾಗಿ ಉಸಿರೆಳ್ಕೊಳ್ಳಿ. ಆಮೇಲೆ ಸುತ್ತಮುತ್ತ ನೋಡಿ, ದಾರಿ ಹುಡುಕಿ” ಎನ್ನುತ್ತಿದ್ದಂತೆ ಹೊಟ್ಟೆಯೊಳಗಿನ ಕಾಫಿ ಹೊರಡಲು ಅವಸರ ಮಾಡಿತು. “ಒಂದ್ನಿಮಿಷ, ಬಂದೆ” ಎಂದು ಬಾಗಿಲಿಗೆ ಹೋಗಿ ಎಳೆದರು. ಹಿಡಿ ಕೈಗೆ ಬಂತು, ಬಾಗಿಲು ಬರಲಿಲ್ಲ.

“ಬಾಗಿಲು ಸಿಕ್ಕಾಕ್ಕೊಂಡಿದೆ” ಎಂದರು ಮೇಷ್ಟ್ರು, ಹಿಡಿಯನ್ನು ಎತ್ತಿ ತೋರಿಸಿ.

ಮಕ್ಕಳ ಮುಖ ಅರಳಿತು. “ಹೇಗಿರಬಾರದು ಅಂತ ನಟನೆ ಮಾಡಿ ತೋರಿಸ್ತಿದಾರೆ ಕಣೇ” ಎಂದು ಮುಂದಿನ ಸಾಲಿನ ಕನ್ನಡಕದವಳು ಪಕ್ಕದವಳಿಗೆ ಪಿಸುಗುಟ್ಟಿದಳು.

“ನಿಜವಾಗ್ಲೂ ಕಣ್ರಮ್ಮ, ನಾನು ಅರ್ಜೆಂಟಾಗಿ ಹೊರಗೆ ಹೋಗ್ಬೇಕು.”

“ನೋಡೇ, ಬೆವರು ಕೂಡ ತರಿಸ್ಕೊಂಡಿದಾರೆ.”

ಮೇಷ್ಟ್ರು ಬಾಗಿಲು ಬಡಿದರು. ಪಕ್ಕದ ಕೋಣೆಯ ರಸಾಯನಶಾಸ್ತ್ರದ ಮೇಡಂ ಕಿಟಕಿಯ ಸರಳಿನಾಚೆ ಬಂದು ನಿಂತರು. “ನಿಮ್ಮ ಕ್ಲಾಸಿಗೆ ಯಾರೂ ಅಡ್ಡಿ ಮಾಡಬಾರದು ಅಂತ ಪ್ರಿನ್ಸಿಪಾಲರು ಹೇಳಿದಾರೆ ಸಾರ್. ನೀವು ಮುಂದುವರಿಸಿ” ಎಂದು ನಕ್ಕು ಹೊರಟೇಹೋದರು.

ಆಮೇಲೆ ಮೇಷ್ಟ್ರು ಬಾಗಿಲಿಗೆ ಭುಜ ಕೊಟ್ಟರು, ಒದ್ದರು, ಕಾದ ಹೆಂಚಿನ ಮೇಲೆ ನಿಂತವರಂತೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಜಿಗಿದರು. ಕೊನೆಗೆ ಬಾಗಿಲಿಗೊರಗಿ ಕುಸಿದು ಕೂತು “ಅಮ್ಮಾ” ಎಂದುಬಿಟ್ಟರು. ಇಡೀ ತರಗತಿ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಚಪ್ಪಾಳೆಯಲ್ಲಿ ಒಂದು ಜೊತೆ ಕೈ ಪ್ರಿನ್ಸಿಪಾಲರದಾಗಿತ್ತು. ಅವರು ಕೊನೆಯ ಬೆಂಚಿನ ಹಿಂದೆ ನಿಂತಿದ್ದರು.

“ನೀವು… ಎಲ್ಲಿಂದ ಬಂದ್ರಿ ಸಾರ್?”

“ಹಿಂದಿನ ಬಾಗಿಲಿಂದ. ಅದು ತೆರೆದೇ ಇದೆಯಲ್ಲ. ಆಗಿನಿಂದ ನಿಂತು ನೋಡ್ತಿದೀನಿ. ಎದುರಿಗೇ ಇರೋ ದಾರಿ ಗಾಬರಿಯಲ್ಲಿ ಕಾಣಲ್ಲ ಅಂತ ಎಷ್ಟು ಚೆನ್ನಾಗಿ ತೋರಿಸಿದ್ರಿ!”

ಪೂರ್ತಿ ಕೇಳಿಸಿಕೊಳ್ಳಲು ಮೇಷ್ಟ್ರು ಅಲ್ಲಿರಲಿಲ್ಲ. ಬೆಂಚುಗಳ ನಡುವೆ ನುಗ್ಗಿ ಹಿಂದಿನ ಬಾಗಿಲಿಂದ ಮಾಯವಾಗಿದ್ದರು.

ಹಗುರಾಗಿ ವಾಪಸು ಬಂದಾಗ ಒಳಗೆ ಬೇರೆ ಮಕ್ಕಳು ಕೂತಿದ್ದರು. ಪ್ರಿನ್ಸಿಪಾಲರು ಮೇಷ್ಟ್ರ ಬೆನ್ನು ತಟ್ಟಿದರು.

“ಕಾಯಂ ವಿಷಯ ಆಮೇಲೆ ನೋಡೋಣ. ಎಲ್ಲಾ ವಿಭಾಗದವರಿಗೂ ಈ ಪಾಠ ನೀವೇ ಮಾಡ್ಬೇಕು, ಈಗಲೇ ಶುರು. ಮೊದಲು ಈ ಕಾಫಿ ಕುಡೀರಿ, ದಣಿದಿದೀರಿ.”

ಮೇಷ್ಟ್ರು ಲೋಟ ಖಾಲಿ ಮಾಡುವವರೆಗೂ ನಿಂತಿದ್ದು, ಹೊರಡುತ್ತಾ ಪ್ರಿನ್ಸಿಪಾಲರು ಹೇಳಿದರು: “ಈ ಸಲ ಹಿಂದಿನ ಬಾಗಿಲಿಗೂ ಹೊರಗಿನಿಂದ ಬೀಗ ಹಾಕಿಸ್ತೀನಿ. ಇನ್ನೂ ಚೆನ್ನಾಗಿ ಬರುತ್ತೆ.”