ಕಾಕಾನ ಕೊರಿಯಾ ಬೇರು

ನಮ್ಮ ಕಾಕಾ ಜನ್ಮದಲ್ಲಿ ಸುಳ್ಳು ಹೇಳಿದವನಲ್ಲ ಎಂದು ಮೂಡಲಗಿಯ ಜನ ನಂಬಿದ್ದಾರೆ. ನಂಬಲಿ, ಪಾಪ!

ಅವನಿಗೆ ಕಬ್ಬಿನ ಹೊಲವಿತ್ತು, ಆದರೆ ಜೀವವೆಲ್ಲ ಊರವರ ಮೈಯ ಬಾವು ಇಳಿಸುವುದರ ಮೇಲೆ. ಯಾರ ಕೈಕಾಲು ಬಾತರೂ ಎಕ್ಕೆಯ ಎಲೆ ಕಾಸಿ ಕಟ್ಟುತ್ತಿದ್ದ. ಒಮ್ಮೆ ಊಟಕ್ಕೆ ಬಂದ ಬೀಗರ ಗಲ್ಲಕ್ಕೂ ಕಟ್ಟಲು ಹೋದ.

"ಕಾಕಾ, ಅದು ಬಾವಲ್ಲೋ! ಬಾಯಾಗ ಹೋಳಿಗಿ ಐತಿ!" ಎಂದು ನಾನು ಕೂಗುವಷ್ಟರಲ್ಲಿ ಗಂಟು ಬಿದ್ದಾಗಿತ್ತು.

ಈ ಹುಚ್ಚು ಹತ್ತಿದ್ದು ಕಾಕಿಯ ಮೊಣಕಾಲುಗಳಿಂದ. ಅವು ಬಾತು ಮಡಚಲು ಬಾರದಂತಾದಾಗ ಅವಳು ಬಸದಿಗೆ ಹೋಗುವುದನ್ನೇ ಬಿಟ್ಟಳು. "ಎಲ್ಲಾರೂ ನೆಲಕ್ಕ ಕುಂತಾಗ ನಾ ಒಬ್ಬಾಕಿ ಖುರ್ಚಿ ಮ್ಯಾಲೆ ಹ್ಯಾಂಗ ಕುಂಡ್ರಲಿ? ನಾಚಿಕಿ ಬರತೈತಿ" ಎನ್ನುವಳು. ಹೇಳುವಾಗ ಕಣ್ಣು ತುಂಬುತ್ತಿತ್ತು.

ಎಕ್ಕೆ ಸೋತಿತು, ಲಕ್ಕಿ ಸೊಪ್ಪೂ ಸೋತಿತು. ಅಷ್ಟರಲ್ಲಿ ಅರಭಾವಿಯ ಪರಿಚಯದ ಮಾಸ್ತರರೊಬ್ಬರು, ಕೊರಿಯಾದ ಗಿಡಗಳಲ್ಲಿ ಬಾವು ಇಳಿಸುವ ಸತ್ವವಿದೆಯೇ ಎಂದು ವಿಜ್ಞಾನಿಗಳು ಹುಡುಕುತ್ತಿರುವುದನ್ನು ಓದಿ ಹೇಳಿದರು. ಇನ್ನೂ ಹುಡುಕುತ್ತಿದ್ದಾರೆ ಎಂಬುದನ್ನು ಕಾಕಾ ಕಿವಿಗೇ ಹಾಕಿಕೊಳ್ಳಲಿಲ್ಲ! ಎಸ್‌ಟಿಡಿ ಬೂತಿನಲ್ಲಿ ನಿಂತು ಮುಂಬಯಿಯ ನೆಂಟರಿಗೆ ದುಂಬಾಲು ಬಿದ್ದ. ಕೊನೆಗೂ ಜಿನ್ಸೆಂಗ್ ಎಂಬ ಕೊರಿಯಾದ ಬೇರು ಬಂತು. ಕಾಕಿ ನೋಡಿದವಳೇ ಕೈ ಹಿಂದೆಳೆದಳು.

"ಏನ್ರಿ ಇದು? ಗಡ್ಡಿ ಅಲ್ಲೇನು?"

ನೆಲದೊಳಗಿನ ಗೆಡ್ಡೆಗೆಣಸು ನಮ್ಮ ಜೈನರ ಮನೆಯ ಹೊಸ್ತಿಲು ದಾಟುವುದಿಲ್ಲ. ಹುಟ್ಟಿದಾಗಿನಿಂದ ಗಜ್ಜರಿ ಮುಟ್ಟದ ಕಾಕಾ ಅದನ್ನೇ ಮರೆತಿದ್ದ!

"ಒಣಾ ಶುಂಠಿ ನಡೀತೈತಿ, ಅರಿಶಿಣ ನಡೀತೈತಿ. ಇದ್ಯಾಕ ನಡ್ಯಂಗಿಲ್ಲ?"

"ಅವು ನಮ್ಮತ್ತಿಗೆ ಗೊತ್ತಿದ್ದುವ್ರಿ. ಇದು ಯಾರ ಪೈಕಿನೋ ಏನೋ!"

ಕೊರಿಯಾ ಕೂಡ ಸೋತಿತು.

ಮುಂದಿನ ಹುಣ್ಣಿಮೆಗೆ ಬಸದಿಗೆ ಹೋದೆ. ಬಾಗಿಲ ಬಳಿ ಎರಡು ಖುರ್ಚಿ! ಒಂದರಲ್ಲಿ ಕಾಕಿ, ಇನ್ನೊಂದರಲ್ಲಿ ಎರಡೂ ಮೊಣಕಾಲಿಗೆ ಎಕ್ಕೆಯ ಎಲೆ ಕಟ್ಟಿಕೊಂಡ ಕಾಕಾ.

"ನಿನಗೇನಾತೋ ಕಾಕಾ?"

"ನನ್ನುವೂ ಬಾತಾವು" ಎಂದು ಮೋರೆ ತಿರುಗಿಸಿದ.

ಕಾಕಿ ಪಿಸುಗುಟ್ಟಿದಳು: "ಒಬ್ಬರೇ ಖುರ್ಚಿ ಮ್ಯಾಲೆ ಕುಂಡ್ರಾಕ ಇವರಿಗೆ ನಾಚಿಕಿ ಅಂತ. ಅದಕ್ಕ ಜೋಡಿಗೆ ಬಂದೇನಿ."

ಬೆಳಿಗ್ಗೆ ತಾನೇ ಕಾಕಾ ಸೈಕಲ್ ತುಳಿಯುತ್ತ ಹೊಲಕ್ಕೆ ಹೋದದ್ದನ್ನು ನಾನು ಕಂಡಿದ್ದೆ. ಅಷ್ಟರಲ್ಲಿ ಅವನ ಎಲೆ ಜಾರಿತು. ಕೆಳಗೆ ಬಾವಿನ ಸುಳಿವೂ ಇರಲಿಲ್ಲ. ಕಾಕಿ ಅದನ್ನು ನೋಡಿದಳು. ಕಷ್ಟಪಟ್ಟು ಬಗ್ಗಿ, ಎಲೆಯನ್ನು ಮತ್ತೆ ಗಟ್ಟಿಯಾಗಿ ಕಟ್ಟಿದಳು.