ಕಾದಂಬರಿಯ ಹೆಂಡತಿಗೆ ನಾನು ಕೊಟ್ಟ ಬುದ್ಧಿವಾದ

ಕಾದಂಬರಿಯೊಳಗಿನವರಿಗೆ ಬುದ್ಧಿ ಹೇಳುವಷ್ಟು ಸುಖದ ಕೆಲಸ ಇನ್ನೊಂದಿಲ್ಲ. ಅವರು ತಿರುಗಿ ಮಾತಾಡುವುದಿಲ್ಲ, ನಮ್ಮ ಬಾಗಿಲಿಗೂ ಬರುವುದಿಲ್ಲ. ಬಿ.ಎ. ಓದಿ ಶಿಡ್ಲಘಟ್ಟದ ಹೆಣ್ಣುಮಕ್ಕಳ ಶಾಲೆಗೆ ಮೇಡಂ ಆಗಿ ಬಂದ ನಾನು ಭಾನುವಾರ ಮಧ್ಯಾಹ್ನ ಈ ಸುಖವನ್ನು ಪಕ್ಕದ ಮನೆಯ ಜಯಮ್ಮನೊಂದಿಗೆ ಹಂಚಿಕೊಳ್ಳುತ್ತಿದ್ದೆ. ಅವಳಿಗೆ ಓದು ಬಾರದು. ನಮ್ಮ ನಡುಮನೆಯಲ್ಲಿ ಕೂತು ರೇಷ್ಮೆಗೂಡುಗಳ ಮೇಲಿನ, ಹಿಂಜಿದ ಹತ್ತಿಯಂಥ ಎಳೆಗಳನ್ನು ಬಿಡಿಸುವಳು. ನಾನು ಗಟ್ಟಿಯಾಗಿ ಓದುವೆ.

ಆ ಸಲದ ಕಾದಂಬರಿಯಲ್ಲಿ ಒಬ್ಬ ಗಂಡ. ಇವತ್ತು ಹೊಡೆಯುತ್ತಾನೆ, ನಾಳೆ ಅದೇ ಕೈಯಿಂದ ಹೆಂಡತಿಯ ಬಾಸುಂಡೆಗೆ ಎಣ್ಣೆ ಹಚ್ಚುತ್ತಾನೆ. ಅವಳು ಆ ಎಣ್ಣೆಯನ್ನೇ ನೆನೆಯುತ್ತ ಅಲ್ಲೇ ಉಳಿಯುತ್ತಾಳೆ. ನಾನು ಪುಸ್ತಕ ಮುಚ್ಚಿ ಭಾಷಣ ಶುರುಮಾಡಿದೆ. "ಇಂಥ ಹೆಂಗಸು ಎಲ್ಲಾದ್ರೂ ಇರ್ತಾಳಾ? ನಾನಾಗಿದ್ರೆ ಟ್ರಂಕು ಹಿಡ್ಕೊಂಡು ಹೊರಟೋಗ್ತಿದ್ದೆ."

"ಎಲ್ಲಿಗೆ ಮೇಡಮ್ಮಾ?" ಜಯಮ್ಮ ತಲೆಯೆತ್ತದೆ ಕೇಳಿದಳು.

"ಎಲ್ಲಿಗಾದ್ರೂ!"

"ಆ ಊರಿಗೆ ಬಸ್ಸು ಐತಾ?"

ನಾನು ಮತ್ತೆ ಪುಸ್ತಕ ತೆರೆಯುವಷ್ಟರಲ್ಲಿ ಅವಳ ಗಂಡ ಮುನಿವೆಂಕಟಪ್ಪ ಒಳಗೇ ಬಂದುಬಿಟ್ಟ. ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಕೊಚ್ಚುವ ಮಚ್ಚು. "ನಂಗೆ ಉಣ್ಣೋಕೆ ಇಕ್ಕೋರು ಯಾರೇ? ಕತೆ ಕೇಳ್ತಾ ಕೂತವ್ಳೆ ಮಾರಾಣಿ! ಇವತ್ತು ನಿನ್ನ ಬಿಡಲ್ಲ ಕಣೇ!"

ಜಯಮ್ಮ ನನ್ನ ಬೆನ್ನ ಹಿಂದೆ ಸೇರಿದಳು. ಮಚ್ಚಿಗೂ ಅವಳಿಗೂ ನಡುವೆ ಇದ್ದದ್ದು ಒಂದು ಬಿ.ಎ. ಪದವಿ. ಆ ಪದವಿಗೆ ಹೊಳೆದದ್ದಾದರೂ ಏನು? ಹೊಸ್ತಿಲು ದಾಟಿ ಬಂದ ಯಾರನ್ನೇ ಆಗಲಿ ನಮ್ಮಮ್ಮ ಕೇಳುತ್ತಿದ್ದ ಮಾತು. "ಬನ್ನಿ, ಕೂತ್ಕೊಳ್ಳಿ. ಕಾಫಿ ಕುಡೀತೀರಾ?"

ಅವನು ಕೂತೇಬಿಟ್ಟ! ಕಾಫಿ ಎಂದಮೇಲೆ ನಿಂತಿರಬಾರದೆಂಬ ಮರ್ಯಾದೆ ಅವನಿಗೂ ಗೊತ್ತು. ಮಚ್ಚನ್ನು ಕೊಡೆಯಂತೆ ಗೋಡೆಗೆ ಒರಗಿಸಿದ. ನಾನು ಅಡುಗೆಮನೆಗೆ ಹೋದೆ. ಲೋಟ ತೊಳೆಯುವವಳಂತೆ ನನ್ನ ಹಿಂದೆಯೇ ಬಂದ ಜಯಮ್ಮ ಸದ್ದಿಲ್ಲದೆ ಹಿತ್ತಿಲ ಬಾಗಿಲು ತೆಗೆದು ಹೊರಟುಹೋದಳು. ಬರಿಗೈಯಲ್ಲಿ ಬಸ್ಸು ಹತ್ತಿ ಗೌರಿಬಿದನೂರಿನ ಅಕ್ಕನ ಮನೆ ಸೇರಿಕೊಂಡಳೆಂದು ಆಮೇಲೆ ತಿಳಿಯಿತು. ಅಲ್ಲೇ ಕ್ಷೇಮವಾಗಿದ್ದಾಳೆ.

ಉಳಿದವಳು ನಾನು. ಅವನು ಕಾಫಿ ಹೀರಿ, "ಕತೆ ಚೆನ್ನಾಗೈತಾ ಮೇಡಂ?" ಎಂದ. "ತುಂಬಾ ಚೆನ್ನಾಗಿದೆ" ಎಂದು ನಕ್ಕು, "ಸಕ್ಕರೆ ಸಾಕಾ?" ಎಂದೂ ಕೇಳಿದೆ. ಆ ನಗು ಇನ್ನೂ ನನ್ನ ಮುಖ ಬಿಟ್ಟಿಲ್ಲ. ಮರುದಿನ ಅವನೇ ಬಂದು, "ತಪ್ಪಾಯ್ತು, ಕೋಪದಲ್ಲಿ ಬಂದ್ಬಿಟ್ಟೆ" ಎಂದು ಸೀಬೆಹಣ್ಣು ಕೊಟ್ಟ. "ಅಯ್ಯೋ, ನಿಮಗ್ಯಾಕೆ ತೊಂದರೆ" ಎಂದು ಈಸಿಕೊಂಡೆ. ಈಗ ಬೀದಿಯಲ್ಲಿ ಅವನ ಚಪ್ಪಲಿಯ ಸದ್ದಾದರೆ ಸಾಕು, ಅದರಲ್ಲಿ ಕೋಪವೆಷ್ಟಿದೆಯೆಂದು ಕಿವಿಗೊಟ್ಟು, ಒಲೆಯ ಮೇಲೆ ಹಾಲಿಡುತ್ತೇನೆ. ಕಾದಂಬರಿಯನ್ನಂತೂ ಮುಗಿಸಿಲ್ಲ, ಅದರೊಳಗಿನ ಹೆಂಡತಿಗೆ ಮುಖ ತೋರಿಸಲು ನಾಚಿಕೆ.

ವಿಷಯ ತಿಳಿದ ನಮ್ಮ ಹೆಡ್‌ಮಿಸ್ಟ್ರೆಸ್ ಗದರಿದರು. "ನಿನಗೇನಮ್ಮ ಗ್ರಹಚಾರ? ಇವತ್ತೇ ಆ ಮನೆ ಬಿಟ್ಟು ಬಾ. ನಮ್ಮಲ್ಲಿ ರೂಮು ಖಾಲಿ ಇದೆ."

"ಹಾಗಲ್ಲ ಮೇಡಂ," ಎಂದೆ. "ಬಾವಿ ನೀರು ಸಿಹಿಯಾಗಿದೆ. ಶಾಲೆಗೂ ಹತ್ತಿರ. ಆಮೇಲೆ, ಕೋಪ ಬರದೆ ಇದ್ದಾಗ ಆತ ತುಂಬಾ ಒಳ್ಳೆಯ ಮನುಷ್ಯ."